ದೀದಬಾನದ ಕೆಳಗಿನ ತಗಡು

ಉಸ್ತಾದರು ತೀರಿಕೊಂಡ ಮೇಲೆ ಬೀದರಿನಲ್ಲಿ ಸಿಕ್ಕವರೆಲ್ಲ ನನ್ನ ಮುಂದೆ ಒಂದೇ ಮಾತು ಆಡುತ್ತಿದ್ದಾರೆ. ಅಂಥ ಖರೆ ಮನುಷ್ಯ ಇನ್ನು ಸಿಗುವುದಿಲ್ಲ ಎನ್ನುತ್ತಾರೆ. ನಾನು ತಲೆ ಆಡಿಸುತ್ತೇನೆ. ಸತ್ತವರ ಬಗ್ಗೆ ನಡುಬೀದಿಯಲ್ಲಿ ನಿಂತು ವಾದಕ್ಕಿಳಿಯುವುದು ನಮ್ಮ ಕಡೆಯ ರೀತಿಯಲ್ಲ. ಆದರೆ ತಲೆ ಆಡಿಸಿ ಆಡಿಸಿ ಕತ್ತು ನೋಯುತ್ತಿದೆ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ, ಯಾಕೆಂದರೆ ಅವರ ಹೆಂಡತಿಯ ಕೈಯ ಅನ್ನ ಉಂಡಿದ್ದೇನೆ. ಏಕವಚನದಲ್ಲಾದರೂ ಬರೆದು ಸಿಟ್ಟು ತೀರಿಸಿಕೊಳ್ಳೋಣ ಎಂದು ಎರಡು ಸಾಲು ಗೀಚಿ ನೋಡಿದೆ. ಆಗಲಿಲ್ಲ. ಚಿಕ್ಕಂದಿನಿಂದ ‘ಚಾಚಾ’ ಎಂದು ಕರೆದ ಬಾಯಿ, ಅಭ್ಯಾಸ ಬಿಡುವುದಿಲ್ಲ.

ಬೀದರಿನ ಹಳೇ ಊರಿನ ಓಣಿಯೊಂದರಲ್ಲಿ ಅವರ ಅಂಗಡಿ. ಲೈಸನ್ಸ್ ಇರುವ ಬಂದೂಕುಗಳನ್ನು ದುರಸ್ತಿ ಮಾಡುವುದು ಅವರ ಕಸುಬು. ಬಾಗಿಲ ಮೇಲೆ ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆದ ಹಲಗೆ ಇತ್ತು. ಕನ್ನಡದಲ್ಲಿ ‘ಬಂದುಕು ದುರಸ್ತಿ’ ಎಂದಿತ್ತು. ಆಗಷ್ಟೇ ಕಾಗುಣಿತ ಕಲಿತಿದ್ದ ನಾನು ಅದನ್ನು ನೋಡಿ, ‘ಚಾಚಾ, ದೀರ್ಘ ಬಿಟ್ಟೀರಿ’ ಎಂದೆ. ಅವರು ಹಲಗೆಯನ್ನೇ ಗಂಭೀರವಾಗಿ ನೋಡಿ, ‘ದೀರ್ಘ ಹಾಕಿದ್ರ ನಳಿಕಿ ಉದ್ದ ಆಗ್ತದ ಬೇಟಿ. ಅದಕ್ಕ ಬ್ಯಾರೆ ಲೈಸನ್ಸ್ ತಗೋಬೇಕಾಗ್ತದ’ ಎಂದರು. ನಾನು ನಂಬಿಬಿಟ್ಟೆ. ಮುಂದೆ ಕನ್ನಡದ ಮಾಸ್ತರಣಿಯಾಗಿ ಔರಾದಿಗೆ ಹೋದ ಮೇಲೂ ಮಕ್ಕಳ ನೋಟ್‌ಬುಕ್ಕಿನಲ್ಲಿ ದೀರ್ಘ ಬಿಟ್ಟದ್ದು ಕಂಡರೆ ಆ ಹಲಗೆ ನೆನಪಾಗಿ ಕೆಂಪು ಪೆನ್ನು ಒಂದು ಗಳಿಗೆ ನಿಲ್ಲುತ್ತಿತ್ತು.

ನೋಡಲು ಅವರು ಕುಶಲಕರ್ಮಿಯಂತೆ ಕಾಣುತ್ತಲೇ ಇರಲಿಲ್ಲ. ಮದರಂಗಿ ಹಚ್ಚಿದ ಗಡ್ಡ, ಇಸ್ತ್ರಿ ಮುರಿಯದ ಬಿಳಿ ಕುರ್ತಾ, ಕಿವಿಯಲ್ಲಿ ಅತ್ತರಿನ ಹತ್ತಿ. ಕೆಲಸಕ್ಕೆ ಕೂಡುವಾಗ ಕುರ್ತಾದ ಮೇಲೆ ಎಣ್ಣೆ ಹಿಡಿದ ಒಂದು ಹಳೇ ಕೋಟು ಏರಿಸಿಕೊಳ್ಳುತ್ತಿದ್ದರು. ಗಿರಾಕಿ ಬಂದರೆ ಮೊದಲು ಕೋಟು ಕಳಚಿ, ಆಮೇಲೆ ಸಲಾಮು. ಎಡಗಣ್ಣು ಮುಚ್ಚಿ ಗುರಿ ಹಿಡಿದು ಹಿಡಿದು ಅದು ಮಾತಿನ ನಡುವೆಯೂ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹೊಸಬರು ಅದನ್ನು ಕಣ್ಣು ಹೊಡೆದದ್ದೆಂದು ತಿಳಿದು ಗಲಿಬಿಲಿಯಾಗುತ್ತಿದ್ದರು. ಬಡಾಯಿ ಕೊಚ್ಚುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಅವರ ಅಜ್ಜ ಒಂದು ದಿನ ನಿಜಾಮನ ಬಂದೂಕು ಸರಿಮಾಡಿರುತ್ತಿದ್ದರು, ಮರುವಾರ ಅದೇ ಅಜ್ಜ ವೈಸ್‌ರಾಯನ ಬಂದೂಕು ಸರಿಮಾಡಿರುತ್ತಿದ್ದರು. ‘ಹೋದ ಸಲ ನಿಜಾಮ ಅಂದಿದ್ರಿ’ ಎಂದು ಅಪ್ಪ ಕೆಣಕಿದರೆ, ‘ಕತಿಯೊಳಗ ಸುಳ್ಳ ಹೇಳ್ತೇನಿ ಪಾಟೀಲ್ ಸಾಬ. ಕೆಲಸದೊಳಗ ಇಲ್ಲ’ ಎನ್ನುವರು. ಅದರ ಹಿಂದೆಯೇ ಅವರ ಮಾಮೂಲಿ ಮಾತು ಬರುತ್ತಿತ್ತು: ‘ನನ್ನ ಕೈಯಿಂದ ಹೋದ ಬಂದೂಕ ಸುಳ್ಳ ಹೇಳೂದಿಲ್ಲ.’

ಈ ಮಾತನ್ನೇ ಈಗ ಬೀದರಿನ ಜನ ಅವರ ಹೆಸರಿನ ಜೊತೆ ಸೇರಿಸಿ ಹೇಳುತ್ತಿರುವುದು.

ಅವರದೊಂದು ರೀತಿ ಇತ್ತು. ಬಂದೂಕು ತಂದವರನ್ನು ಮೊದಲು ಕೇಳುವ ಪ್ರಶ್ನೆ ‘ಏನು ಮುರೀತು’ ಅಲ್ಲ, ‘ಹ್ಯಾಂಗ ಮುರೀತು’. ಅದಕ್ಕೆ ಖರೆ ಉತ್ತರ ಬರುವ ತನಕ ಬಂದೂಕು ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಅಂಗಡಿಯಲ್ಲಿದ್ದಾಗ ಒಬ್ಬ ದೊಡ್ಡ ಜಮೀನುದಾರ ನಳಿಕೆ ಬಾಗಿದ ಬಂದೂಕು ತಂದ. ‘ಕೈ ಜಾರಿ ಬಿತ್ತು’ ಎಂದ. ಉಸ್ತಾದರು ಎದ್ದು ಅಂಗಡಿಯ ಬಾಗಿಲು ಎಳೆಯತೊಡಗಿದರು. ‘ಯಾಕ್ರಿ?’ ಎಂದ ಆತ. ‘ನಮಾಜಿನ ಹೊತ್ತಾಯ್ತು.’ ನಮಾಜಿಗೆ ಇನ್ನೂ ಬಹಳ ಹೊತ್ತಿತ್ತು. ಬಾಗಿಲು ಅರ್ಧಕ್ಕೆ ಬಂದಾಗ ಆತ ನಾಚಿಕೊಂಡು, ‘ಬಂದೂಕಿನಿಂದ ಹುಣಸಿಕಾಯಿ ಬಡಿಲಿಕ್ಕ ಹೋಗಿದ್ದೆರಿ. ಟೊಂಗಿಗೆ ಸಿಕ್ಕೊಂಡಿತು, ಜೋತು ಬಿದ್ದೆ’ ಎಂದ. ಬಾಗಿಲು ಮತ್ತೆ ತೆರೆಯಿತು. ‘ಹಾಂ. ಈಗ ಕೊಡ್ರಿ ಇಲ್ಲಿ. ಹ್ಯಾಂಗ ಮುರೀತು ಅಂತ ಗೊತ್ತಾಗಲಿಲ್ಲಂದ್ರ, ದುರಸ್ತಿ ಮಾಡಿದವನೂ ಸುಳ್ಳ ಮಾಡಿದಂಗ.’

ನನಗೆ ಬಂದೂಕಿನ ಅಂಗಗಳ ಹೆಸರು ಕಲಿಸಿದವರೂ ಅವರೇ. ಖಾಲಿ ಬಂದೂಕನ್ನು ಕಟ್ಟಿಗೆಯ ಕವೆಯ ಮೇಲಿಟ್ಟು, ಎದುರಿನ ದರ್ಜಿ ಅಂಗಡಿಯ ಗಡಿಯಾರಕ್ಕೆ ಗುರಿ ಹಿಡಿಸುತ್ತಿದ್ದರು. ನಳಿಕೆಯ ತುದಿಯಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಅದು ಮಖ್ಖಿ, ಅಂದರೆ ನೊಣ. ಹಿಂದೆ, ಕಣ್ಣಿನ ಕಡೆ, ಕಚ್ಚು ಹಾಕಿದ ಒಂದು ಪಟ್ಟಿ. ಅದು ದೀದಬಾನ. ‘ದೀದಬಾನ ಅಂದ್ರ ಕಾವಲಿನವ ಬೇಟಿ, ಚೌಕೀದಾರ. ಅವನ ಕಚ್ಚಿನ್ಯಾಗ ಮಖ್ಖಿನ ಸಮ ಕೂಡಸು, ಅದರ ನೆತ್ತಿ ಮ್ಯಾಲ ಗಡಿಯಾರ ಕೂಡಸು. ಮಖ್ಖಿ ಹಾರ್ಯಾಡ್ತದ, ಅದರ ಗುಣ. ಚೌಕೀದಾರ ನಿಂತಲ್ಲಿಂದ ಅಲಗಬಾರದು. ಅವ ಅಲಗಿದ್ರ ಮುಗೀತು, ಎಂಥಾ ಕಣ್ಣಿದ್ರೂ ಉಪಯೋಗಿಲ್ಲ.’ ಒಬ್ಬ ಹುಡುಗಿಗೆ ಇದನ್ನೆಲ್ಲ ಕಲಿಸುವುದನ್ನು ಕಂಡು ದರ್ಜಿ ನಗುತ್ತಿದ್ದ. ಉಸ್ತಾದರು ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ. ಅಪ್ಪನ ಅಪ್ಪನ ಕಾಲದಿಂದ ಮನೆಯಲ್ಲಿ ಒಂದು ವಿಲಾಯತಿ ರೈಫಲು ಇದೆ. ನಿಜಾಮರ ಆಳ್ವಿಕೆಯಲ್ಲಿ ಅಜ್ಜನಿಗೆ ಬಂದದ್ದು, ಬೆಳೆ ಕಾಯುವ ಲೈಸನ್ಸಿನ ಮೇಲೆ ಅಪ್ಪನಿಗೆ ಇಳಿದದ್ದು. ಅಪ್ಪ ತೊಗರಿ ಮಾರಲು ಬೀದರಿನ ಮಾರುಕಟ್ಟೆ ಗಾಂಧಿ ಗಂಜಿಗೆ ಹೋದಾಗಲೆಲ್ಲ, ಅಡತಿ ಅಂಗಡಿಯ ಕೆಲಸ ಮುಗಿಸಿ ನೆಟ್ಟಗೆ ಉಸ್ತಾದರ ಅಂಗಡಿಗೆ ನಡೆಯುವರು. ಬಂದೂಕಿನ ಕೆಲಸ ಇರಲಿ ಬಿಡಲಿ. ಇಬ್ಬರೂ ಬಸಿಯಲ್ಲಿ ಚಹಾ ಸುರಿದುಕೊಂಡು, ಯಾವುದಾದರೂ ಉಪಯೋಗವಿಲ್ಲದ ವಿಷಯ ಹಿಡಿದು ಜಗಳಾಡುವರು. ನಮ್ಮ ಅವ್ವ ಬೀದರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಾಲೂ ಊಟದ ಡಬ್ಬಿ ಬಂದದ್ದು ಅವರ ಮನೆಯಿಂದ. ಉಸ್ತಾದರ ಹೆಂಡತಿ, ನಮ್ಮ ಚಾಚಿ, ನಮಗಾಗಿ ಬೇರೆ ಪಾತ್ರೆಯಲ್ಲಿ ಅನ್ನ, ಬೇಳೆ ಮಾಡಿ ಕಳಿಸುತ್ತಿದ್ದರು. ಇವನ್ನೆಲ್ಲ ಮರೆತಿಲ್ಲ. ಮರೆತಿದ್ದರೆ ಇಷ್ಟು ಸಂಕಟವೂ ಆಗುತ್ತಿರಲಿಲ್ಲ.

ಪ್ರತಿ ದಸರೆಗೆ ಅವರು ನಮ್ಮೂರಿಗೆ ಬರುವರು. ಖಂಡೆ ಪೂಜೆಯ ದಿನ ಕುಡುಗೋಲು, ಕೊಡಲಿ, ಗಳೇವು ಸಾಮಾನಿನ ಸಾಲಿನಲ್ಲಿ ರೈಫಲಿಗೂ ಕುಂಕುಮ ಹಚ್ಚುತ್ತೇವೆ. ಹೋಳಿಗೆ ಊಟವಾದ ಮೇಲೆ ಅಪ್ಪ ಹೊಲಕ್ಕೆ ಹೋಗಿ, ಬಾವಿ ತೋಡಿದಾಗಿನ ಮಣ್ಣಿನ ಗುಡ್ಡೆಗೆ ಒಂದು ತೆಂಗಿನಕಾಯಿ ಒರಗಿಸಿ ಒಂದೇ ಗುಂಡಿಗೆ ಒಡೆಯುತ್ತಿದ್ದರು. ಚೂರುಗಳನ್ನು ಆರಿಸಿ ಮಂದಿಗೆ ಪ್ರಸಾದ ಹಂಚುತ್ತಿದ್ದೆವು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಊರಲ್ಲಿ ಪೂಜೆ ಎನ್ನುತ್ತಿದ್ದರು. ಕಾಯಿ ಒಡೆದಾಗ ಉಸ್ತಾದರು ಅಪ್ಪನಿಗಿಂತ ಜೋರಾಗಿ ಬೀಗುತ್ತಿದ್ದರು. ಅಪ್ಪನ ಗುರಿ ತಪ್ಪಿದ್ದನ್ನು ನಾನು ನೋಡಿಯೇ ಇರಲಿಲ್ಲ, ಆ ಒಂದು ದಸರೆಯ ತನಕ.

ಆ ವರ್ಷ ಮಳೆಗಾಲ ಕಳೆಯುವ ಮೊದಲು ರೈಫಲಿನ ದೀದಬಾನ ಮುರಿಯಿತು. ಟ್ರ್ಯಾಕ್ಟರಿನ ಟ್ರಾಲಿಯಿಂದ ಕಲ್ಲಿನ ಮೇಲೆ ಬಿತ್ತು ಎಂದು ಅಪ್ಪ ಮನೆಯಲ್ಲಿ ಹೇಳಿದರು. ಕಚ್ಚಿನ ಪಟ್ಟಿ ಅರ್ಧ ಹಾರಿಹೋಗಿತ್ತು, ಅದು ಕೂಡುವ ಪೀಠ ಸೊಟ್ಟಗಾಗಿತ್ತು. ಬೀದರಿಗೆ ಒಯ್ದರು. ಬಿಡಿ ಸಾಮಾನು ಸಿಗುವ ಮಾತೇ ಇಲ್ಲ, ಆ ಬಂದೂಕು ಮಾಡಿದವರ ಮೊಮ್ಮಕ್ಕಳೂ ಮುದುಕರಾಗಿರಬೇಕು. ಉಸ್ತಾದರು ಹಳೇ ಅರದ ಉಕ್ಕಿನ ತುಂಡು ಕಾಯಿಸಿ, ಕೈಯಿಂದಲೇ ತೀಡಿ ಹೊಸದು ಮಾಡಿದರು. ಬಿದರಿ ಕೆಲಸದ ನೆಂಟನಿಂದ ಕೂದಲೆಳೆಯಂಥ ಬೆಳ್ಳಿ ತಂತಿ ಇಸಿದುಕೊಂಡು ಕಚ್ಚಿನ ಕೆಳಗೆ ನಟ್ಟನಡುವೆ ಒಂದು ಬಿಳಿ ಗೆರೆ ಕೂಡಿಸಿದರು. ಸಂಜೆಯ ಮಬ್ಬಿನಲ್ಲೂ ಅಪ್ಪನ ಕಣ್ಣಿಗೆ ನಡುಮಧ್ಯ ಸಿಗಲಿ ಎಂದು. ನಾನು ನೋಡಿ ಬೆರಗಾದೆ. ಬಂದೂಕಿನ ಮೈಮೇಲೆ ಅಷ್ಟು ಚಂದದ ಕೆಲಸ ನಾನು ಬೇರೆಲ್ಲೂ ಕಂಡಿಲ್ಲ. ಇವತ್ತಿಗೂ ಕಂಡಿಲ್ಲ ಎಂದೇ ಹೇಳಬೇಕು.

ಆ ದಸರೆಗೆ ಊರ ಮಂದಿಯೆಲ್ಲ ಗುಡ್ಡೆಯ ಬಳಿ ಸೇರಿದ್ದರು. ಅಪ್ಪ ಗುರಿ ಹಿಡಿದು ಹೊಡೆದರು. ಕಾಯಿಯ ಮೇಲೆ, ನಾಲ್ಕು ಬೆರಳು ಎತ್ತರದಲ್ಲಿ ಮಣ್ಣು ಸಿಡಿಯಿತು. ಎರಡನೆಯದು ಅಲ್ಲೇ. ಮೂರನೆಯದೂ ಅಲ್ಲೇ. ಯಾರೂ ನಗಲಿಲ್ಲ, ನಕ್ಕಿದ್ದರೇ ಛಲೋ ಇತ್ತು. ಅಪ್ಪ ರೈಫಲನ್ನು ತಿರುಗಿಸಿ ನೋಡಿ, ‘ಉಸ್ತಾದ, ದೀದಬಾನ ಎತ್ತರ ಆಗ್ಯದೇನು?’ ಎಂದರು. ಉಸ್ತಾದರು ರೈಫಲು ತೆಗೆದುಕೊಂಡರು, ಎಡಗಣ್ಣು ಮುಚ್ಚಿದರು, ಒಂದೇ ಗುಂಡಿಗೆ ಕಾಯಿ ಒಡೆದರು. ಮಂದಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅವರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಷ್ಟೇ ಮೆಲ್ಲಗೆ ಹೇಳಿದರು: ‘ಬಂದೂಕ ಬರೋಬರಿ ಅದರಿ ಪಾಟೀಲ್ ಸಾಬ. ನಿಮಗ ಮಖ್ಖಿ ಮಬ್ಬ ಕಾಣಸ್ತದ. ಅದಕ್ಕ ಎತ್ತಿ ಹಿಡೀಲಾಕತ್ತೀರಿ. ಉಮರ್ ಆಯ್ತು, ಎಲ್ಲಾರಿಗೂ ಆಗ್ತದ.’

ಅಪ್ಪ ಆ ರೈಫಲನ್ನು ಮತ್ತೆ ಮುಟ್ಟಲಿಲ್ಲ.

ಬಂದೂಕು ಬಿಟ್ಟದ್ದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅಪ್ಪ ಕಣ್ಣನ್ನೇ ಬಿಟ್ಟರು. ಮೋಟರ್ ಸೈಕಲ್ಲಿನ ಚಾವಿ ನನ್ನ ತಮ್ಮನ ಕೈಗೆ ಕೊಟ್ಟರು. ತೊಗರಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ ಎಂಥ ಮಾಲೆಂದು ಹೇಳುತ್ತಿದ್ದವರು ಗಾಂಧಿ ಗಂಜಿಗೆ ಹೋಗುವುದನ್ನೇ ನಿಲ್ಲಿಸಿ, ‘ನನಗೇನು ಕಾಣಸ್ತದ, ನೀವೇ ನೋಡಿಕೋರಿ’ ಎಂದರು. ಪೇಪರನ್ನು ಸೊಸೆಯಿಂದ ಓದಿಸಿಕೊಳ್ಳತೊಡಗಿದರು. ಸಂಜೆಯಾದರೆ ಅಂಗಳಕ್ಕಿಳಿಯಲೂ ಯಾರದಾದರೂ ಕೈ ಬೇಕು. ಬೀದರಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ವಯಸ್ಸಿಗೆ ತಕ್ಕ ಕಣ್ಣು, ಚಷ್ಮಾ ಹಾಕಿದರೆ ಎಲ್ಲ ಕಾಣುತ್ತದೆ ಎಂದರು ಅವರು. ಅಪ್ಪ ಹೊರಗೆ ಬಂದು ಚಷ್ಮಾದ ಚೀಟಿ ಮಡಚಿ ನನ್ನ ಕೈಗಿಟ್ಟರು. ‘ಡಾಕ್ಟರ ಗ್ವಾಡಿಗೆ ಅಕ್ಷರ ಹಚ್ಚಿ ಓದು ಅಂತಾನ. ಉಸ್ತಾದ ಗುಂಡು ಹೊಡದು ತೋರಿಸ್ಯಾನ. ಯಾರದು ಖರೆ ಅಂತ ತಿಳೀಲಿ ನಾ?’

ಇಷ್ಟಾದರೂ ಉಸ್ತಾದರು ಬರುವುದು ನಿಲ್ಲಲಿಲ್ಲ. ಪ್ರತಿ ದಸರೆಗೆ ಭಾಲ್ಕಿಯಲ್ಲಿ ಬಸ್ಸು ಬದಲಿಸಿ, ಅತ್ತರಿನ ವಾಸನೆಯ ಸಮೇತ ನಮ್ಮ ಅಂಗಳಕ್ಕಿಳಿಯುವರು. ಗುಡ್ಡೆಯ ಬಳಿ ಯಾರೂ ಹೋಗುತ್ತಿರಲಿಲ್ಲ, ನನ್ನ ತಮ್ಮ ಕಾಯಿಯನ್ನು ಹೊಸ್ತಿಲ ಕಲ್ಲಿಗೆ ಒಡೆಯುತ್ತಿದ್ದ. ಅಪ್ಪ ಅವರ ಮುಂದೆ ಕಣ್ಣಿನ ಗೋಳು ತೋಡಿಕೊಳ್ಳುವರು. ಅವರು ಅಪ್ಪನ ಕೈ ಹಿಡಿದು ಅಂಗಳ ಸುತ್ತಿಸುವರು, ‘ಇಲ್ಲಿ ಮೆಟ್ಟಲಾ ಅದರಿ, ನಿಧಾನ’ ಎನ್ನುವರು. ನನಗೆ ಈ ದೃಶ್ಯ ಕಂಡು ಕಣ್ಣು ತುಂಬಿ ಬರುತ್ತಿತ್ತು. ಹಳೇ ಗೆಳೆಯರು ಅಂದರೆ ಹೀಗಿರಬೇಕು ಎಂದು ಮಕ್ಕಳಿಗೆ ಪಾಠದಲ್ಲಿ ಹೇಳಿದ್ದೇನೆ ಕೂಡ. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಬೇಸಿಗೆಯಲ್ಲಿ ನನ್ನ ತಮ್ಮ ಆ ರೈಫಲು ಮಾರಬೇಕೆಂದ. ಮೂಲೆಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ಯಾರಾದರೂ ಬಳಸಲಿ ಎಂದು ಅಪ್ಪನೂ ಒಪ್ಪಿದರು. ಔರಾದಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಟೀಚರ ಮಾವ, ಪೊಲೀಸ್ ಇಲಾಖೆಯಲ್ಲಿ ಬಂದೂಕು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಕೊಳ್ಳುವ ಮುಂಚೆ ತಾವೇ ಪರೀಕ್ಷೆ ಮಾಡಬೇಕೆಂದು ನಮ್ಮೂರಿಗೆ ಬಂದರು. ಅಪ್ಪ ಅವತ್ತು ಭಾಲ್ಕಿಯಲ್ಲಿ ಒಂದು ಮದುವೆಗೆ ಹೋಗಿದ್ದರು. ಮಾವನವರು ಮರಳು ತುಂಬಿದ ಚೀಲದ ಮೇಲೆ ರೈಫಲು ಊರಿ, ಕೈ ಅಲುಗದಂತೆ ಕೂತು, ಅದೇ ಗುಡ್ಡೆಗೆ ಒರಗಿಸಿದ ತೆಂಗಿನಕಾಯಿಗೆ ಹೊಡೆದರು. ಗುಂಡು ನಾಲ್ಕು ಬೆರಳು ಮೇಲೆ ಹೋಯಿತು. ಇನ್ನೊಂದು ಹೊಡೆದರು. ಅಲ್ಲೇ ಹೋಯಿತು.

ಅವರು ಸಣ್ಣ ಪೇಚಕಸ ತೆಗೆದು ದೀದಬಾನದ ಎರಡು ಸ್ಕ್ರೂ ಬಿಚ್ಚಿದರು. ಪೀಠ ಎತ್ತಿದರೆ ಕೆಳಗೆ ಒಂದು ಹಿತ್ತಾಳೆಯ ತಗಡು. ಎಂಟಾಣೆ ನಾಣ್ಯಕ್ಕಿಂತ ತುಸು ತೆಳ್ಳಗೆ, ಪೀಠದ ಅಳತೆಗೆ ಸರಿಯಾಗಿ ಕತ್ತರಿಸಿದ್ದು. ಅವರದು ಮರಾಠಿ ಬೆರೆತ ಔರಾದಿನ ಮಾತು. ‘ಹೇ ಬಘಾ, ಇದನ್ನ ನೋಡ್ರಿ, ಇದಕ್ಕ ಇಲ್ಲಿ ಏನೂ ಕೆಲಸ ಇಲ್ಲ. ದೀದಬಾನ ಛಲೋ ಮಾಡ್ಯಾನ, ಬರೋಬರಿ ಎತ್ತರ ಅದ. ಆಮ್ಯಾಲ ಕೆಳಗ ಇದನ್ನ ಇಟ್ಟಾನ. ಹಿಂದಿನದು ಮ್ಯಾಲ ಎದ್ರ ಗುಂಡೂ ಮ್ಯಾಲ ಹೋಗ್ತದ.’

‘ತಪ್ಪಿ ಇಟ್ಟಿರಬಹುದಲ್ಲರಿ?’ ಎಂದೆ.

‘ಇಷ್ಟು ನಾಜೂಕ ಕೈ ತಪ್ಪಿ ಇಡ್ತದೇನು?’ ತಗಡು ತೆಗೆದು, ಸ್ಕ್ರೂ ಬಿಗಿದು, ಮತ್ತೆ ಹೊಡೆದರು. ಕಾಯಿ ಹೋಳಾಯಿತು. ‘ಇದು ಗೊತ್ತಿದ್ದವ ಕಾಯಿಯ ಕೆಳಗ ಗುರಿ ಹಿಡದ್ರ ತಗಡು ಇದ್ದರೂ ಒಡೀತಾನ. ಗೊತ್ತಿಲ್ಲದವಗ ಜನ್ಮದಾಗ ಆಗೂದಿಲ್ಲ.’

ಎಡಗಣ್ಣು ಮುಚ್ಚಿ ಒಂದೇ ಗುಂಡಿಗೆ ಕಾಯಿ ಒಡೆದ ಮನುಷ್ಯ ನನ್ನ ಕಣ್ಣ ಮುಂದೆ ಬಂದು ನಿಂತರು. ನಾನು ಚಪ್ಪಾಳೆ ತಟ್ಟಿದ್ದೂ ನೆನಪಾಯಿತು. ಅವತ್ತು ವ್ಯವಹಾರ ಮುಂದುವರಿಯಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಬೀದರಿಗೆ ಹೋದೆ. ಉಸ್ತಾದರು ಈಚೆಗೆ ಕೆಲಸ ಕಡಿಮೆ ಮಾಡಿದ್ದರು, ಉಸಿರಿನ ತ್ರಾಸು. ಆದರೂ ಕುರ್ತಾದ ಇಸ್ತ್ರಿ ಮುರಿದಿರಲಿಲ್ಲ. ತಗಡನ್ನು ಅವರ ಮುಂದಿನ ಮಣೆಯ ಮೇಲೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ, ನೋಡಿದರು. ‘ಎಲ್ಲಿ ಸಿಕ್ತು ಬೇಟಿ?’

‘ನೀವು ಇಟ್ಟಲ್ಲೇ ಸಿಕ್ತು ಚಾಚಾ.’

ಚಹಾ ಹೇಳಿ ಕಳಿಸಿದರು. ಚಹಾ ಬಂದು ಆರಿದ ಮೇಲೆ ಹೇಳಿದರು. ‘ಆವತ್ತ ಪಾಟೀಲ್ ಸಾಬ ಬಂದೂಕ ತಂದಾಗ, ಹ್ಯಾಂಗ ಮುರೀತು ಅಂತ ಕೇಳ್ದೆ. ಟ್ರಾಲಿಯಿಂದ ಬಿತ್ತು ಅಂದ್ರು. ನಾ ಬಾಗಲಾ ಎಳೀಲಿಕ್ಕ ಎದ್ದೆ. ನನ್ನ ಕೈ ಹಿಡದು ಕೂಡಿಸಿ ಅತ್ತರು ಬೇಟಿ. ಹೊತ್ತು ಮುಣಗಿದ ಮ್ಯಾಲ ತೊಗರಿ ಹೊಲದಾಗ ಹಂದಿ ಅಂತ ಹೊಡದಾರ. ಅದು ಕಂಬಳಿ ಹೊದ್ದುಕೊಂಡು ಕುಂತ ಕುರುಬ. ಗುಂಡು ಅವನ ಬಾಜೂಕಿದ್ದ ಕುರಿಗೆ ಬಡೀತು. ಅವನ ಒದರಾಟ ಕೇಳಿ ಬಂದೂಕ ಕಲ್ಲಿನ ಮ್ಯಾಲ ಒಗದು ಓಡ್ಯಾರ. ದೀದಬಾನ ಮುರದಿದ್ದು ಹಾಂಗ.’

ನನಗೆ ಇದು ಗೊತ್ತೇ ಇರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ‘ಒಂದು ಮಾತು ಹೇಳಬೇಕಿತ್ತಲ್ಲ ಚಾಚಾ. ಸಾಕು, ಬಂದೂಕ ಬಿಡ್ರಿ ಅಂತ.’

‘ಹೇಳಿದ್ರ ಬಂದೂಕ ಬಿಡ್ತಿರಲಿಲ್ಲ ಬೇಟಿ. ನನ್ನ ಬಿಡ್ತಿದ್ದರು.’

‘ಮ್ಯಾಲ ಹೋದ ಗುಂಡು ಇನ್ನೊಬ್ಬ ಕುರುಬಗ ಬಡದಿದ್ರ?’

‘ಮಂದಿ ಮುಂದ ಒಂದು ಸಲ ತಪ್ಪಿದ್ರ ಪಾಟೀಲ್ ಸಾಬ ಮತ್ತ ಹಿಡಿಯೂದಿಲ್ಲ ಅಂತ ನನಗ ಗೊತ್ತಿತ್ತು. ಅವರ ಅಭಿಮಾನ ನನಗ ಗೊತ್ತಿಲ್ಲೇನು?’

ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಈ ಮಾತಿಗೇ. ಗೆಳೆಯನ ಅಭಿಮಾನ ಎಲ್ಲಿದೆ, ಎಷ್ಟು ಎತ್ತರಕ್ಕಿದೆ ಎಂದು ಅಷ್ಟು ಸರಿಯಾಗಿ ಗೊತ್ತಿದ್ದುದರಿಂದಲೇ ಅಲ್ಲಿಗೇ ಗುರಿಯಿಟ್ಟಿದ್ದರು. ಬಂದೂಕು ಬಿಟ್ಟ ಮೇಲಾದರೂ ಹೇಳಬಹುದಿತ್ತು. ಪ್ರತಿ ದಸರೆಗೆ ಒಂದೊಂದು ಅವಕಾಶ ಇತ್ತು. ‘ನಿಮ್ಮ ಕಣ್ಣು ಛಲೋ ಅದ’ ಎನ್ನಲು ಎಷ್ಟು ಹೊತ್ತು ಬೇಕು? ಅದರ ಬದಲು ಕೈ ಹಿಡಿದು ಮೆಟ್ಟಲು ಇಳಿಸಿದರು. ಈ ಮಾತನ್ನು ಅವರ ಮುಖಕ್ಕೇ ಹೇಳಿದೆ. ಅವರು ಕ್ಷಮೆ ಕೇಳಲಿಲ್ಲ. ನಾನ್ಯಾಕೆ ಕೇಳಲಿ ಎಂದು ಜಗಳಕ್ಕೂ ಬರಲಿಲ್ಲ. ‘ಬೆಳ್ಳಿ ತಂತಿ ಖರೇನೇ ಇಟ್ಟಿದ್ದೆ’ ಎಂದಷ್ಟೇ ಹೇಳಿ, ತಗಡನ್ನು ನನ್ನ ಕಡೆ ಸರಿಸಿದರು. ನಾನು ಚಹಾ ಕುಡಿಯದೆ ಎದ್ದು ಬಂದೆ. ಆ ಅಂಗಡಿಯಲ್ಲಿ ಚಹಾ ಬಿಟ್ಟು ಬಂದದ್ದು ಅದೇ ಮೊದಲು.

ಅಲ್ಲಿಂದ ನೆಟ್ಟಗೆ ಊರಿಗೆ ಹೋದೆ. ಅಪ್ಪ ಅಂಗಳದಲ್ಲಿ ಕೂತಿದ್ದರು. ತಗಡನ್ನು ಅವರ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಹೆಬ್ಬೆರಳಿನಿಂದ ಅದರ ಅಂಚನ್ನು ಸವರುತ್ತಾ ಕೇಳಿದರು. ನಾನು ಮುಗಿಸಿದ ಮೇಲೂ ಸವರುತ್ತಲೇ ಇದ್ದರು. ‘ಅವನದೇ ಕೈ’ ಎಂದರು. ‘ಒಳಗ ಮುಚ್ಚಿಡೂದು, ಯಾರೂ ನೋಡೂದಿಲ್ಲ. ಆದರೂ ಅಂಚು ಹ್ಯಾಂಗ ತೀಡ್ಯಾನ ನೋಡು.’

‘ಆ ಕುರುಬನ ಮಾತು ಖರೆ ಏನಪ್ಪಾ?’

‘ಖರೆ ಅವ್ವ. ಅದನ್ನ ಹೇಳಲಿಕ್ಕೇ ಅವನ ಕಡಿ ಹೋಗಿದ್ದೆ. ದೀದಬಾನ ಒಂದು ನೆವ. ಮನಿಯಾಗ ಹೇಳಲಿಕ್ಕ ಧೈರ್ಯ ಇರಲಿಲ್ಲ. ಸಾಕು, ಬಿಡು ಅಂತ ಅವ ಒಂದು ಮಾತು ಅಂತಾನ, ಬಂದೂಕ ಅಲ್ಲೇ ಬಿಟ್ಟು ಬರಬೇಕು ಅಂತ ಮಾಡಿದ್ದೆ. ಅವ ಏನೂ ಅನಲಿಲ್ಲ. ಹೊಸಾದು ಮಾಡಿ ಕೊಡ್ತೇನಿ ಅಂದ.’

ಇಬ್ಬರಲ್ಲಿ ಯಾರ ಮಾತು ಖರೆಯಾಗುತ್ತಿತ್ತೋ ನನಗೆ ಗೊತ್ತಿಲ್ಲ. ಅಪ್ಪ ಆ ಒಂದು ಮಾತಿಗಾಗಿ ಕಾಯುತ್ತಾ ಕೂತಿದ್ದರು, ಉಸ್ತಾದರು ಆ ಮಾತು ನುಂಗಿಕೊಂಡು ಅರ ಹಿಡಿದರು. ಅಷ್ಟು ಮಾತ್ರ ಗೊತ್ತು.

ಅಪ್ಪ ತಮ್ಮನಿಂದ ರೈಫಲು ತರಿಸಿದರು. ಚಷ್ಮಾ ಇರಲಿಲ್ಲ, ನನ್ನ ಕೈಯೂ ಹಿಡಿಯಲಿಲ್ಲ. ಹೊಲದ ತನಕ ತಾವೇ ನಡೆದರು. ಕಾಯಿ ಇಡಿಸಿ ಹೊಡೆದರು. ಗುಂಡು ಕಾಯಿಗೆ ತಾಗಲಿಲ್ಲ, ಆದರೆ ಮೇಲಕ್ಕೂ ಹೋಗಲಿಲ್ಲ. ಎಡಕ್ಕೆ, ಒಂದು ಗೇಣು ದೂರದಲ್ಲಿ ಮಣ್ಣು ಸಿಡಿಯಿತು. ವಯಸ್ಸಾಯಿತು, ಕೈ ನಡುಗುತ್ತದೆ. ಅಪ್ಪ ಆ ಮಣ್ಣನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿ ಎಷ್ಟೋ ವರ್ಷಗಳಿಂದ ನಾನು ಕಾಣದ ಒಂದು ಕಳೆ ಬಂತು.

‘ಇದು ನಂದು’ ಎಂದರು. ‘ಈ ತಪ್ಪು ನಂದು.’

ಆ ವರ್ಷದ ದಸರೆಗೂ ಉಸ್ತಾದರು ಬಂದರು. ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಅದೇ ಬಿಳಿ ಕುರ್ತಾ, ಅದೇ ಅತ್ತರು, ಉಸಿರಿಗಾಗಿ ಬಾಗಿಲಲ್ಲಿ ಸ್ವಲ್ಪ ನಿಂತರು. ಖಂಡೆ ಪೂಜೆಯ ಮಣೆಯ ಮೇಲೆ ಕುಡುಗೋಲು, ಕೊಡಲಿ, ರೈಫಲು, ರೈಫಲಿನ ಪಕ್ಕದಲ್ಲಿ ಆ ತಗಡು. ಅಪ್ಪ ಅದಕ್ಕೂ ಕುಂಕುಮ ಹಚ್ಚಿ ಇಟ್ಟಿದ್ದರು. ಉಸ್ತಾದರು ಸಾಲನ್ನು ಒಂದು ತುದಿಯಿಂದ ನೋಡುತ್ತಾ ಬಂದು ಅಲ್ಲಿ ನಿಂತರು. ಎಡಗಣ್ಣು ಮುಚ್ಚಿಕೊಂಡಿತು. ಪಂಕ್ತಿಯಲ್ಲಿ ಪ್ರತಿ ವರ್ಷದಂತೆ ಅಪ್ಪನ ಎದುರಿಗೇ ಅವರ ತಾಟು. ತಮ್ಮನ ಹೆಂಡತಿ ಹೋಳಿಗೆ ಬಡಿಸಿ ಮುಂದೆ ಹೋದಳು. ಅಪ್ಪ ಅವಳನ್ನು ಕರೆದರು.

‘ಉಸ್ತಾದಗ ತುಪ್ಪ ಕಮ್ಮಿ ಬಿದ್ದದ, ಹಾಕು’ ಎಂದರು. ಆಮೇಲೆ ಎದುರಿಗಿದ್ದವರ ಮುಖವನ್ನೇ ನೋಡುತ್ತಾ, ‘ನನಗ ಕಾಣಸ್ತದ’ ಎಂದರು.

ಉಸ್ತಾದರು ಬಡಿಸಿದ್ದಷ್ಟನ್ನೂ ಉಂಡರು. ಒಂದು ಅಗಳೂ ಬಿಡಲಿಲ್ಲ. ಕೈ ತೊಳೆದು, ‘ಬರ್ತೇನಿ ಪಾಟೀಲ್ ಸಾಬ’ ಎಂದರು. ಅಪ್ಪ ಹೂಂ ಎಂದರು. ಬಸ್ ಸ್ಟ್ಯಾಂಡಿನ ತನಕ ಯಾರೂ ಕಳಿಸಲು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಅವರು ಹೋದ ಸುದ್ದಿ ಬಂದಾಗ ನಾನು ರಜೆಗೆಂದು ಊರಲ್ಲಿದ್ದೆ. ಫೋನು ಇಟ್ಟು ಕಟ್ಟೆಗೆ ಬಂದೆ. ಅಪ್ಪ ಚಷ್ಮಾ ಏರಿಸಿಕೊಂಡು ಪೇಪರು ಓದುತ್ತಿದ್ದರು. ಈಗ ಮೊದಲ ಪುಟದಿಂದ ಕೊನೆಯ ತನಕ, ಜಾಹೀರಾತನ್ನೂ ಬಿಡದೆ ಓದುತ್ತಾರೆ. ಹೇಳಿದೆ. ಪುಟ ತಿರುವಲು ಎತ್ತಿದ ಕೈ ಹಾಗೇ ಉಳಿಯಿತು.

‘ಮಣ್ಣಿಗೆ ಹೋಗೋಣೇನಪ್ಪಾ? ತಮ್ಮ ಜೀಪ ತರ್ತಾನ.’

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ‘ನನಗ ಕಣ್ಣ ಕಾಣೂದಿಲ್ಲ ಅವ್ವ’ ಎಂದರು. ‘ಅಷ್ಟು ದೂರ ಹ್ಯಾಂಗ ಬರ್ಲಿ?’

ನಾನು ಒಬ್ಬಳೇ ಹೋದೆ. ಗಂಡಸರು ಮಣ್ಣು ಕೊಟ್ಟು ಬಂದಾಗಿತ್ತು. ಚಾಚಿ ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದರು. ನನ್ನ ಕೈ ಹಿಡಿದುಕೊಂಡು, ನನ್ನ ಹಿಂದೆ ಯಾರಾದರೂ ಬರುತ್ತಾರೋ ಎಂದು ಬಾಗಿಲ ಕಡೆ ನೋಡಿದರು.

‘ಪಾಟೀಲ್ ಸಾಬ ಬರಲಿಲ್ಲೇನು ಬೇಟಿ?’

ಹೇಳಿಬಿಡಬೇಕೆಂದು ಬಾಯಿಯ ತನಕ ಬಂತು. ಆಸ್ಪತ್ರೆಗೆ ಬರುತ್ತಿದ್ದ ಡಬ್ಬಿ ನೆನಪಾಯಿತು. ‘ಅಪ್ಪಗ ಕಣ್ಣ ಕಾಣೂದಿಲ್ಲ ಚಾಚಿ’ ಎಂದೆ.

ಚಾಚಿ ನನ್ನ ಕೈ ಸವರಿದರು. ‘ಹೌ ಬೇಟಿ, ಗೊತ್ತದ. ಇವರೂ ಅದನ್ನೇ ಹೇಳ್ತಿದ್ದರು’ ಎಂದರು. ‘ಇವರು ಸುಳ್ಳ ಹೇಳಿದವರಲ್ಲ.’